ಸೆಕೆಂಡ್ ಮಾಲು

ಐದು ದಿನಕ್ಕೊಮ್ಮೆ ನಳ ಬರೂ ಸೊಲ್ಲಾಪುರದಾಗ
ನಾವು ನೀರಾಗಿನ ಜೀವ ಸಾಕಿದ್ವಿ.
ಸಾತ್ ರಸ್ತಾದ ಇರ್ಫಾನನ ಅಂಗಡಿಯಿಂದ
ಹನ್ನೆರಡು ಕೆಂಪು ಸಿಗಡಿ, ಪ್ಲಾಸ್ಟಿಕ್ ಚೀಲದಾಗ,
ಒಂದೊಂದೂ ಕುಂಕುಮ ಹಚ್ಚಿದ ಅಕ್ಕಿಕಾಳು.
ಸ್ಕೂಟರಿನ ಮ್ಯಾಲ ಸಮೃದ್ಧಿ ಅದನ್ನ
ಎರಡೂ ಕೈಲೆ ಎದಿಗೆ ಅವಚಿಕೊಂಡು ಕೂತಿದ್ಲು,
ತೆಗ್ಗು ಬಂದಾಗೊಮ್ಮೆ, "ಪಪ್ಪಾ, ಸಾವಕಾಶ!"

ಓಣಿಯವರು ಕೇಳಿದ್ರು: "ನೀವು ತಿನ್ನಂಗಿಲ್ಲ. ಮತ್ಯಾಕ?"
ನಾ ತಡವರಿಸಿದೆ.
ಸುರೇಖಾ ಅಂದ್ಲು, "ತಿನ್ನಂಗಿಲ್ಲ, ಅದಕ್ಕ."

ಏಪ್ರಿಲ್. ನಲವತ್ತಮೂರು ಡಿಗ್ರಿ.
ಕಾಜಿನ ತೊಟ್ಟಿಗೆ ಫ್ಯಾಕ್ಟರಿ ಟಾವೆಲ್ ತೋಯಿಸಿ ಸುತ್ತಿ
ಇದ್ದೊಂದು ಫ್ಯಾನ್ ಅದರ ಕಡೆ ತಿರುವಿ
ನಾವು ಬೆವತಕೋತ ಮಲಗಿದ್ವಿ.
ಕರೆಂಟ್ ಹೋದ್ರ ಓಂಕಾರ ಲೋಟದಿಂದ ನೀರೆತ್ತಿ
ಎತ್ತರದಿಂದ ಸುರುವತಿದ್ದ,
ಚಹಾ ಆರಿಸೂ ಹಂಗ, ನಿದ್ದಿಗಣ್ಣಾಗ.

ಒಂದು ಮುಂಜಾನೆ ಒಂದು ಹೆಣ್ಣಿನ ಹೊಟ್ಟಿ ಕೆಳಗ
ಸಾಸಿವಿಯಂಥ ತತ್ತಿ, ಇಪ್ಪತ್ತೋ ಮೂವತ್ತೋ.
ಸಣ್ಣ ಸಣ್ಣ ಕಾಲಿಲೆ ಅದು ಹಗಲೂ ರಾತ್ರಿ
ಅವಕ್ಕ ಗಾಳಿ ಬೀಸಕೋತ ಇರತದ.
"ಇವಗೂ ಹಿಂಗ ಬೀಸೀನಿ, ಹುಟ್ಟಿದ ಬ್ಯಾಸಗಿ ಪೂರ್ತಿ"
ಅಂತ ನನ್ನ ಕಡೆ ಗದ್ದ ಎತ್ತಿ ತೋರಿಸಿ
ಅವ್ವ ಕಾಜಿಗೆ ಮೂಗು ಹಚ್ಚಿ ಕೂತ್ಲು.
ಮೂರನೇ ವಾರ ತತ್ತಿಯೊಳಗ ಕಣ್ಣು ಮೂಡಿದ್ವು.

ನಂದು ಅಕ್ಕಲಕೋಟ ರೋಡಿನ ಫ್ಯಾಕ್ಟರಿ, ಚೆಕಿಂಗ್ ಖಾತೆ.
ಟ್ಯೂಬ್ ಲೈಟಿಗೆ ಟಾವೆಲ್ ಹಿಡದು
ಎಳಿ ತಪ್ಪಿದ್ದು, ಬಣ್ಣ ಜಾರಿದ್ದು ಆ ಕಡಿ ಒಗಿಯೂದು
ಹತ್ತೊಂಬತ್ತು ವರ್ಷದ ಕಣ್ಣಿನ ಚಟ.
ಮನಿಗೆ ಬಂದೂ ಅದನ ಮಾಡಿದೆ:
ಕಡುಗೆಂಪು ಇದ್ದವು ಇರಲಿ,
ಪೇಲವ ಆದವು, ಮಣ್ಣಬಣ್ಣದವು, ತೆಗಿ.
"ತೆಗದು ಎಲ್ಲಿಗೆ?" ಅಂದ್ಲು ಸಮೃದ್ಧಿ.
ದೊಡ್ಡ ಮೀನಿಗೆ ಹಾಕ್ರಿ ಅಂದಿದ್ದ ಇರ್ಫಾನ.
ನಾ ಅದನ್ನ ಹೇಳಲಿಲ್ಲ. ಅಕಿಗೆ ತಿಳೀತು.
ಉಪ್ಪಿನಕಾಯಿಯ ಹಳೇ ಬರಣಿ ವಾಸನಿ ಹೋಗೂತನ ತೊಳದು
ಒಂದು ಮುಷ್ಟಿ ಪಾಚಿ, ಒಂದು ಒಣಾ ಬಾದಾಮಿ ಎಲಿ ಹಾಕಿ
ಅಡಿಗಿಮನಿ ಕಿಡಕಿಯಾಗ ಇಟ್ಲು.
ಮ್ಯಾಲ ಚೀಟಿ: "ಸೆಕೆಂಡ್ ಮಾಲು. ಪಪ್ಪಾ ಮುಟ್ಟಬಾರದು."

ಮೇ ತಿಂಗಳು ಏಳನೇ ದಿನಕ್ಕೂ ನಳ ಬರಲಿಲ್ಲ.
ತೊಟ್ಟಿ ನಾಕು ಬೆರಳು ಇಳೀತು.
ಅವ್ವ ರಾತ್ರಿ ಎದ್ದಾಳ.
ದೇವರ ಮುಂದಿನ ತಾಮ್ರದ ತಂಬಿಗಿ,
ಮುಚ್ಚಿಟ್ಟ ನೀರು, ಮನ್ಯಾಗ ಎಲ್ಲಾಕಿಂತ ಚೊಕ್ಕ ನೀರು,
ತಾ ಒಂದು ಗುಟುಕು ಕುಡೀಲಾರದ
ಪೂರ್ತಿ ಸುರುವ್ಯಾಳ.

ತಾಮ್ರ ಅವಕ್ಕ ವಿಷ.

ಮುಂಜಾನೆ ನೋಡಿದ್ರ ತಳದ ತುಂಬ ಪೊರಿ.
ಪೊರಿನ ಅಂದಕೊಂಡೆ ಮೊದಲು; ಆಗಾಗ ಬಿಡತಾವ,
ಬಿಚ್ಚಿಟ್ಟ ಅಂಗಿ ಹಂಗ.
ಈ ಸಲ ಅಂಗಿಯೊಳಗ ಅವ ಇದ್ವು.

"ಸೆಕಿಗೆ ಹೋದ್ವು" ಅಂದೆ ಅವ್ವಗ.
ಓಂಕಾರ ಬಾಯಿ ತೆರದ, ಸುರೇಖಾ ಚಿವುಟಿದ್ಲು.
"ತಣ್ಣನ ನೀರು ಕೊಟ್ಟಿದ್ನೆಲ್ಲ ರಾತ್ರಿ..." ಅಂದ್ಲು ಅವ್ವ.
ಯಾರೂ ಮಾತಾಡಲಿಲ್ಲ. ಫ್ಯಾನ್ ತಿರುಗತಿತ್ತು,
ತೊಟ್ಟಿ ಕಡೆನ.

ಬರಣಿಯಾಗ ಹನ್ನೊಂದು ಇದ್ವು, ಮಣ್ಣಬಣ್ಣದವು.
ಈಗ ತೊಟ್ಟಿ ತುಂಬ ಅವ.
"ಇವನ್ನ ಯಾರು ಒಯ್ತಾರ್ರಿ?" ಇರ್ಫಾನ ನಕ್ಕ.
ಬಂದ ಬೀಗರಿಗೆ ತೋರಿಸಾಕ ಹೋದ್ರ ಏನೂ ಕಾಣಂಗಿಲ್ಲ,
ತಳದ ಉಸುಕಿಂದ ಬಣ್ಣ ಅವಕ್ಕ.
ಸುಮ್ಮನ ಕೂಡಬೇಕು, ಹತ್ತು ನಿಮಿಷ.
ಆಮ್ಯಾಲ ಉಸುಕು ನಡದಾಡತದ.

ಹೋದ ಸೋಮವಾರ ಅಟ್ಟದ ಮ್ಯಾಲ ಹಳೇ ಸ್ಕ್ರೂಡ್ರೈವರ್ ಹುಡುಕೂವಾಗ
ಕೈಗೆ ಸಿಕ್ತು ತಂಬಿಗಿ,
ಹುಣಸಿಹಣ್ಣಿಲೆ ತಿಕ್ಕಿ ಫಳಫಳ,
ಹರಕ ಚಾದರಿನಾಗ ಸುತ್ತಿ, ಬಾಯಿ ಕೆಳಗ ಮಾಡಿ.
ಇಳದು ಬಂದು ನೋಡಿದೆ.
ದೇವರ ಮುಂದ ಸ್ಟೀಲಿಂದದ,
ಎಷ್ಟು ದಿನದಿಂದನೋ.